‘ಅವನನ್ನ ಹಾಕಬೇಕಿತ್ತು’ ಅನ್ನೋ ಮುಂಚೆ: ಫುಟ್‌ಬಾಲ್ ಟೀಮ್ ಬಗ್ಗೆ ಸರಿಯಾಗಿ ಜಗಳ ಆಡೋದು ಹೇಗೆ

ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದ ದಿನ ನಮ್ಮ ಗುಂಪು ಎರಡು ಗಂಟೆ ಮುಂಚೆಯೇ ಸ್ಟೇಡಿಯಂ ಹತ್ತಿರದ ಒಂದು ಟೀ ಅಂಗಡಿಯಲ್ಲಿ ಸೇರುತ್ತದೆ. ಟೀ ಒಂದು ನೆಪ. ಅಸಲಿ ಕೆಲಸ ಏನಂದರೆ ಕೋಚ್ ಬದಲು ನಾವೇ ಕೂತು ಟೀಮ್ ಆರಿಸೋದು. ಎಷ್ಟೋ ಕೋಚ್‌ಗಳು ಬಂದು ಹೋದರು, ಒಬ್ಬರೂ ನಮಗೆ ಫೋನ್ ಮಾಡಿ ಕೇಳಲಿಲ್ಲ. ಆದರೂ ಬಿಟ್ಟಿಲ್ಲ.

ಇಷ್ಟು ವರ್ಷ ಕೂಗಾಡಿ ಗಂಟಲು ಕೆಡಿಸಿಕೊಂಡ ಮೇಲೆ ಒಂದು ವಿಷಯ ಗೊತ್ತಾಗಿದೆ. ನಮ್ಮ ಜಗಳದಲ್ಲಿ ಮುಕ್ಕಾಲು ಪಾಲು ಸುಮ್ನೆ ಸದ್ದು. ‘ಅವನು ಬೆಂಕಿ’, ‘ಇವನು ವೇಸ್ಟ್’, ಅಷ್ಟೇ. ಯಾರೂ ಸೋಲಲ್ಲ, ಯಾರೂ ಗೆಲ್ಲಲ್ಲ, ಕಿಕ್ ಆಫ್ ಹೊತ್ತಿಗೆ ಮುಖ ಊದಿಸಿಕೊಂಡು ಗೇಟ್ ಕಡೆ ನಡೆಯುತ್ತೇವೆ. ಹಾಗಾಗದೆ, ಮಜಾನೂ ಸಿಗಬೇಕು, ಆಟವೂ ಸ್ವಲ್ಪ ಜಾಸ್ತಿ ಅರ್ಥ ಆಗಬೇಕು ಅಂದರೆ ಹೇಗೆ ವಾದ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಬಿಎಫ್‌ಸಿಯವು, ಯಾಕೆಂದರೆ ನಾನು ಹತ್ತಿರದಿಂದ ನೋಡಿರೋದು ಅದೊಂದೇ.

ಯಾರನ್ನ ತೆಗೀತೀಯ?

ಮೊದಲನೇ ನಿಯಮ ಇದು. ಬೇರೆ ಎಲ್ಲ ಮರೆತರೂ ಇದನ್ನು ಮಾತ್ರ ಮರೆಯಬೇಡಿ. ಒಬ್ಬನ ಹೆಸರು ಹೇಳಿ ‘ಇವನು ಆಡಲೇಬೇಕು’ ಅಂದವನು, ಅದೇ ಉಸಿರಲ್ಲಿ ಯಾರು ಆಚೆ ಹೋಗಬೇಕು ಅಂತಲೂ ಹೇಳಬೇಕು. ಇರೋದು ಹನ್ನೊಂದೇ ಜಾಗ. ನಮ್ಮ ಗುಂಪಿನಲ್ಲಿ ಈ ನಿಯಮ ಬಂದ ದಿನವೇ ಅರ್ಧ ಜಗಳ ತಣ್ಣಗಾಯಿತು. ಸೇರಿಸೋಕೆ ಎಲ್ಲರಿಗೂ ಬಾಯಿದೆ, ತೆಗೆಯೋಕೆ ಮಾತ್ರ ಯಾರಿಗೂ ಮನಸ್ಸಿಲ್ಲ.

ಐಎಸ್‌ಎಲ್‌ನಲ್ಲಿ, ಅಂದರೆ ಬಿಎಫ್‌ಸಿ ಆಡೋ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಇದು ಇನ್ನೂ ಬಿಗಿ. 2021–22ರ ಸೀಸನ್‌ನಿಂದ ಒಂದು ಟೀಮ್ ಒಂದೇ ಹೊತ್ತಿಗೆ ನಾಲ್ಕೇ ವಿದೇಶಿ ಆಟಗಾರರನ್ನು ಇಳಿಸಬಹುದು ಅಂತ ಆಯಿತು. ಅದಕ್ಕೂ ಮುಂಚೆ ಐದು ಜನ ಇರಬಹುದಿತ್ತು. ಒಂದು ಸೀಟು ಕಡಿಮೆ ಅಂದರೆ ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಪೂರ್ತಿ ಟೀಮ್ ಅಲುಗಾಡುತ್ತದೆ. ‘ಆ ಸ್ಪ್ಯಾನಿಷ್ ಮಿಡ್‌ಫೀಲ್ಡರ್ ಬೇಕು’ ಅಂದರೆ ಸ್ಟ್ರೈಕರ್ ಕಡೆಯಿಂದಲೋ ಸೆಂಟರ್ ಬ್ಯಾಕ್ ಕಡೆಯಿಂದಲೋ ಒಬ್ಬ ವಿದೇಶಿ ಎದ್ದು ಹೋಗಬೇಕು, ಆ ಜಾಗಕ್ಕೆ ಬರೋ ನಮ್ಮ ಹುಡುಗ ಯಾರು ಅಂತಲೂ ನೀವೇ ಹೇಳಬೇಕು. ಹೆಚ್ಚಿನ ಕ್ಲಬ್‌ಗಳು ಸ್ಟ್ರೈಕರ್ ಜಾಗವನ್ನೇ ವಿದೇಶಿಗೆ ಕೊಟ್ಟುಬಿಡುತ್ತವೆ, ಅದಕ್ಕೇ ನಮ್ಮ ದೇಶದ ಟೀಮ್‌ಗೆ ಗೋಲ್ ಹೊಡೆಯೋರು ಸಿಗಲ್ಲ ಅನ್ನೋದು ಬೇರೆಯೇ ದೊಡ್ಡ ಜಗಳ. ಅದನ್ನು ಎರಡನೇ ಟೀಗೆ ಇಟ್ಟುಕೊಳ್ಳಿ.

‘ಇವನಾ ಅವನಾ’ ಅನ್ನೋ ಪ್ರಶ್ನೆ ಎಷ್ಟೋ ಸಲ ತಪ್ಪೇ ಆಗಿರುತ್ತದೆ

2017ರಲ್ಲಿ ಬಿಎಫ್‌ಸಿ ಐಎಸ್‌ಎಲ್‌ಗೆ ಬಂದಾಗ ವೆನೆಜುವೆಲಾದ ಮಿಕು ಸೇರಿಕೊಂಡ. ಮಧ್ಯದಲ್ಲಿ ಆಡೋ ಸ್ಟ್ರೈಕರ್. ಆಗ ನಮ್ಮ ಕ್ಯಾಪ್ಟನ್, ಗೋಲ್ ಹೊಡೆಯೋ ಸುನಿಲ್ ಛೆಟ್ರಿ ಗತಿ ಏನು? ನಾನೂ ಸೇರಿ ಅರ್ಧ ಜನಕ್ಕೆ ಹೊಟ್ಟೆ ಉರಿ. ‘ಛೆಟ್ರಿನ ಸೈಡಿಗೆ ತಳ್ಳಿಬಿಟ್ಟರು ಗುರು’ ಅಂತ ಕೂಗಾಡಿದೆವು. ಕೋಚ್ ಆಲ್ಬರ್ಟ್ ರೋಕಾ ಮಾಡಿದ್ದು ಇಷ್ಟೇ: ಮಿಕುವನ್ನು ಮಧ್ಯೆ ಇಟ್ಟು, ಛೆಟ್ರಿಯನ್ನು ಎಡಗಡೆಗೆ ಹಾಕಿದರು. ಎಡಗಡೆ ಅಂದರೆ ಗೆರೆ ಹಿಡಿದು ಓಡೋ ಕೆಲಸ ಅಲ್ಲ. ಮಿಕು ಇಬ್ಬರು ಡಿಫೆಂಡರ್‌ಗಳನ್ನು ಮೈಮೇಲೆ ಎಳೆದುಕೊಂಡಾಗ ಛೆಟ್ರಿ ಒಳಗೆ ನುಗ್ಗುತ್ತಿದ್ದ. ಆ ಸೀಸನ್‌ನಲ್ಲಿ ಮಿಕು 15 ಗೋಲ್ ಹೊಡೆದ, ಛೆಟ್ರಿ 14. ನಾವು ಮುಚ್ಚಿಕೊಂಡು ಕೂತೆವು.

ಅಂದರೆ ಇಬ್ಬರಲ್ಲಿ ಯಾರು ಮೇಲು ಅಂತ ಕೇಳೋ ಬದಲು, ಇವನ ಪಕ್ಕದಲ್ಲಿ ಯಾರಿದ್ದರೆ ಇವನ ಆಟ ಏಳುತ್ತದೆ ಅಂತ ಕೇಳಿ. ಜೋಡಿ ನೋಡಿ. ಓವರ್‌ಲ್ಯಾಪ್ ಹೋಗೋ, ಅಂದರೆ ಗೆರೆ ಪಕ್ಕ ಮುಂದಕ್ಕೆ ನುಗ್ಗೋ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಇದ್ದರೆ ಅವನು ಬಿಟ್ಟುಹೋದ ಜಾಗ ಕಾಯೋಕೆ ಒಬ್ಬ ಮಿಡ್‌ಫೀಲ್ಡರ್ ಬೇಕು. ಇಬ್ಬರೂ ಮೇಲಕ್ಕೇ ಓಡೋರಾದರೆ, ಬಾಲ್ ಕಳಕೊಂಡ ಕೂಡಲೇ ನಿಮ್ಮ ಸೆಂಟರ್ ಬ್ಯಾಕ್ ದೇವರ ಮೇಲೆ ಭಾರ ಹಾಕಿ ಓಡಬೇಕು.

‘ಚೆನ್ನಾಗಿ ಆಡ್ತಾನೆ’ ಅಂದರೆ ಏನು?

ಯಾರಾದರೂ ‘ಸೂಪರ್ ಪ್ಲೇಯರ್’ ಅಂದರೆ ಕೇಳಿ, ಏನು ಸೂಪರ್? ಬಾಲ್ ಕಾಲಿಗೆ ಬಂದಾಗ ಫಸ್ಟ್ ಟಚ್‌ಗೇ ಸತ್ತ ಹಾಗೆ ಅಲ್ಲೇ ನಿಲ್ಲುತ್ತದಾ? ಎರಡೂ ಕಾಲಿನಲ್ಲಿ ಪಾಸ್ ಹೋಗುತ್ತದಾ? ಓಟ ಜೋರಾ, ಅಥವಾ ಸಮಯಕ್ಕೆ ಸರಿಯಾಗಿ ಓಡೋದು ಗೊತ್ತಾ? ಇವೆರಡೂ ಒಂದೇ ಅಲ್ಲ.

ಉದಾಂತ ಸಿಂಗ್ ನೆನಪಿದೆಯಲ್ಲ. ಬಲಗಡೆ ಆ ಹುಡುಗ ಬಾಲ್ ಹಿಡಿದು ಓಡಿದರೆ ಸ್ಟ್ಯಾಂಡ್‌ನಲ್ಲಿ ಇಡೀ ಸಾಲು ಎದ್ದು ನಿಲ್ಲುತ್ತಿತ್ತು. ಆದರೆ ವೇಗಕ್ಕೆ ಜಾಗ ಬೇಕು. ಎದುರಾಳಿಗಳು ಮೇಲೆ ಬಂದು ಆಡಿದರೆ ಅವರ ಬೆನ್ನ ಹಿಂದೆ ಖಾಲಿ ಮೈದಾನ ಸಿಗುತ್ತದೆ. ಅವರೇ ಬಾಕ್ಸ್ ಮುಂದೆ ಹತ್ತು ಜನ ಗೋಡೆ ಕಟ್ಟಿ ಕೂತರೆ? ಎಷ್ಟೇ ಜೋರಾಗಿ ಓಡಿದರೂ ಗೋಡೆಗೇ ಹೋಗಿ ಗುದ್ದಬೇಕು. ಅಂಥ ದಿನ ಸಣ್ಣ ಜಾಗದಲ್ಲಿ ಬಾಲ್ ತಿರುಗಿಸೋ ಒಬ್ಬ ಬೇಕು, ಅವನು ಓಟದಲ್ಲಿ ನನಗಿಂತ ನಿಧಾನ ಇದ್ದರೂ ಪರವಾಗಿಲ್ಲ. ಹಾಗಾಗಿ ಒಬ್ಬ ಆಟಗಾರನ ಬಲ ಹೇಳುವಾಗ ‘ಯಾರ ಎದುರು’ ಅಂತ ಸೇರಿಸಿಯೇ ಹೇಳಿ.

ಇನ್ನೊಂದು ಮೋಸ ಹೋಗೋ ಜಾಗ ಎತ್ತರ. ಛೆಟ್ರಿ ಎತ್ತರ ಸುಮಾರು 5 ಅಡಿ 7 ಇಂಚು ಅಷ್ಟೇ, ಆದರೆ ತಲೆಯಲ್ಲಿ ಹೊಡೆದ ಗೋಲ್‌ಗಳಿಗೆ ಲೆಕ್ಕ ಇಲ್ಲ. ಜಿಗಿಯೋ ಟೈಮಿಂಗ್, ಡಿಫೆಂಡರ್‌ನ ಕಣ್ಣು ತಪ್ಪಿಸಿ ಅವನ ಹಿಂದಿನಿಂದ ಬರೋದು, ಇವೆಲ್ಲ ಅಳತೆ ಪಟ್ಟಿಯಲ್ಲಿ ಕಾಣಲ್ಲ.

ಕಾರ್ನರ್ ಯಾರು ಕಾಯ್ತಾರೆ?

ಈ ಪ್ರಶ್ನೆ ಟೀ ಅಂಗಡಿಯಲ್ಲಿ ಯಾರೂ ಕೇಳಲ್ಲ, ಟ್ರೋಫಿಗಳು ಮಾತ್ರ ಇಲ್ಲೇ ಹೋಗುತ್ತವೆ, ಇಲ್ಲೇ ಬರುತ್ತವೆ.

2018ರ ಮಾರ್ಚ್ 17. ಕಂಠೀರವದಲ್ಲೇ ಐಎಸ್‌ಎಲ್ ಫೈನಲ್, ಎದುರು ಚೆನ್ನೈಯಿನ್. 9ನೇ ನಿಮಿಷಕ್ಕೇ ಛೆಟ್ರಿ ಡೈವ್ ಹೊಡೆದು ತಲೆಯಲ್ಲಿ ಗೋಲ್ ಹಾಕಿದಾಗ ಕಪ್ ನಮ್ಮದೇ ಅಂದುಕೊಂಡೆವು. ಆಮೇಲೆ ಅವರ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಒಂದು ಹೆಡರ್, ಅರ್ಧ ಆಟ ಮುಗಿಯೋ ಹೊತ್ತಿಗೆ ಮತ್ತೆ ಕಾರ್ನರ್, ಮತ್ತೆ ಅವನೇ, ಮತ್ತೆ ಹೆಡರ್. 3–2ಕ್ಕೆ ಸೋತೆವು. ಇಡೀ ಸೀಸನ್ ನಾವು ಮುಂದಿನ ಮೂವರ ಬಗ್ಗೆಯೇ ಜಗಳ ಆಡಿದ್ದೆವು.

ಸರಿಯಾಗಿ ಒಂದು ವರ್ಷ ಆದ ಮೇಲೆ, ಅದೇ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ಎದುರು ಫೈನಲ್. ಗೋಲೇ ಇಲ್ಲದೆ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ, ಪೆನಾಲ್ಟಿ ಶೂಟೌಟ್‌ಗೆ ಇನ್ನೇನು ಮೂರ್ನಾಲ್ಕು ನಿಮಿಷ ಇದೆ ಅನ್ನುವಾಗ ಡಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೆದ, ರಾಹುಲ್ ಭೇಕೆ ತಲೆ ಕೊಟ್ಟ. 1–0, ಕಪ್ ಬಂತು. ಭೇಕೆ ಡಿಫೆಂಡರ್. ‘ರೈಟ್ ಬ್ಯಾಕ್‌ಗೆ ಯಾರಾದರೇನು’ ಅನ್ನೋರಿಗೆ ಈ ಒಂದು ಗೋಲ್ ತೋರಿಸಿದರೆ ಸಾಕು.

ಆದ್ದರಿಂದ ನಿಮ್ಮ ಹನ್ನೊಂದು ಬರೆದ ಮೇಲೆ ಒಂದು ಸಲ ಲೆಕ್ಕ ಹಾಕಿ. ಕಾರ್ನರ್ ಹೊಡೆಯೋಕೆ ಒಳ್ಳೆ ಕಾಲು ಯಾರದು? ಬಾಕ್ಸ್‌ನಲ್ಲಿ ತಲೆ ಕೊಡೋಕೆ ಕನಿಷ್ಠ ಮೂರು ಜನ ಇದ್ದಾರಾ? ಅವರ ಉದ್ದನೆ ಡಿಫೆಂಡರ್ ಮೇಲೆ ಬಂದಾಗ ಅವನಿಗೆ ಅಂಟಿಕೊಳ್ಳೋರು ಯಾರು? ಉತ್ತರ ಇಲ್ಲದಿದ್ದರೆ ನಿಮ್ಮ ಟೀಮ್ ಚೆಂದ ಇದೆ, ಅಷ್ಟೇ.

ಬೆಂಚ್ ಅಂದರೆ ಅವಮಾನ ಅಲ್ಲ

ಈಗ ಐದು ಬದಲಿ ಆಟಗಾರರನ್ನು ಇಳಿಸಬಹುದು. ಅಂದರೆ ನೀವು ಆರಿಸಬೇಕಾದ್ದು ಹನ್ನೊಂದು ಜನರನ್ನಲ್ಲ, ಹದಿನಾರು ಜನರನ್ನು. ಯಾರು ಶುರು ಮಾಡ್ತಾರೆ ಅನ್ನೋದರಷ್ಟೇ ಮುಖ್ಯ, ಯಾರು ಮುಗಿಸ್ತಾರೆ ಅನ್ನೋದು.

2022–23ರಲ್ಲಿ ಕೋಚ್ ಸೈಮನ್ ಗ್ರೇಸನ್ ಛೆಟ್ರಿಯನ್ನು ಬೆಂಚ್ ಮೇಲೆ ಕೂರಿಸಿ, ರಾಯ್ ಕೃಷ್ಣ ಜೊತೆ ಶಿವಶಕ್ತಿ ನಾರಾಯಣನ್ ಅನ್ನೋ ಹುಡುಗನನ್ನು ಶುರುವಿನಿಂದ ಆಡಿಸಿದರು. ನಮ್ಮ ಗುಂಪಿನಲ್ಲಿ ಒಬ್ಬ ಎರಡು ಮ್ಯಾಚ್ ಬರೋದೇ ಬಿಟ್ಟ. ‘ಕ್ಯಾಪ್ಟನ್ನೇ ಬೆಂಚಲ್ಲಿ ಅಂದ್ರೆ ಹೆಂಗ್ ಮಗಾ?’ ಅವನ ಸಿಟ್ಟು ನ್ಯಾಯವೇ. ಆದರೆ ಆ ಹುಡುಗ 60 ನಿಮಿಷ ಓಡಿ ಓಡಿ ಡಿಫೆಂಡರ್‌ಗಳ ಉಸಿರು ಕೀಳುತ್ತಿದ್ದ, ಆಮೇಲೆ ಛೆಟ್ರಿ ಇಳಿಯುತ್ತಿದ್ದ. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರು ಪ್ಲೇಆಫ್‌ನಲ್ಲಿ, ಬೆಂಚ್‌ನಿಂದ ಬಂದವನೇ ಎಕ್ಸ್‌ಟ್ರಾ ಟೈಮ್‌ನಲ್ಲಿ ಅವರು ಗೋಡೆ ಕಟ್ಟೋ ಮುಂಚೆಯೇ ಫ್ರೀ ಕಿಕ್ ಹೊಡೆದು ಗೋಲ್ ಮಾಡಿಬಿಟ್ಟ, ಅದನ್ನು ಒಪ್ಪದೆ ಅವರು ಮೈದಾನ ಬಿಟ್ಟೇ ಹೋದರು. ಸುಸ್ತಾದ ಕಾಲುಗಳ ನಡುವೆ ತಲೆ ಓಡೋನು ಒಬ್ಬ ಇದ್ದರೆ ಹೀಗಾಗುತ್ತದೆ. ನಾಲ್ಕು ದಿನ ಆದ ಮೇಲೆ ಮುಂಬೈ ಸಿಟಿ ಎದುರು ಸೆಮಿಫೈನಲ್‌ನಲ್ಲಿ ಮತ್ತೆ ಬೆಂಚ್‌ನಿಂದ ಬಂದು, ಕಾರ್ನರ್‌ಗೆ ತಲೆ ಕೊಟ್ಟು ಗೋಲ್. ಬಿಟ್ಟುಹೋದವನು ಫೈನಲ್‌ಗೆ ಗೋವಾಕ್ಕೇ ಬಂದ, ಸ್ಲೀಪರ್ ಬಸ್ಸಲ್ಲಿ. ಅಲ್ಲಿ ಶುರುವಿನಲ್ಲೇ ಶಿವಶಕ್ತಿಗೆ ಪೆಟ್ಟಾಗಿ ಛೆಟ್ರಿ ಇಳಿಯಬೇಕಾಯಿತು, ಗ್ರೇಸನ್ ಲೆಕ್ಕ ಎಲ್ಲ ತಲೆಕೆಳಗಾಯಿತು, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು. ಆ ಬಸ್ಸಿನ ವಾಪಸ್ ಪ್ರಯಾಣದ ಬಗ್ಗೆ ನಾವು ಮಾತಾಡಲ್ಲ.

ಹಾಗಂತ ‘ವಯಸ್ಸಾಯ್ತು, ಬೆಂಚೇ ಸರಿ’ ಅಂತ ಗಟ್ಟಿ ಮಾಡಿಕೊಳ್ಳಬೇಡಿ. 2024–25ರಲ್ಲಿ 40 ವರ್ಷದ ಛೆಟ್ರಿ ಐಎಸ್‌ಎಲ್‌ನಲ್ಲಿ 14 ಗೋಲ್ ಹೊಡೆದ. 2024ರ ಜೂನ್‌ನಲ್ಲಿ ದೇಶದ ಟೀಮ್ ಬಿಟ್ಟವನನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಗೋಲ್ ಹೊಡೆದ, ಆರು ದಿನ ಬಿಟ್ಟು ಬಾಂಗ್ಲಾದೇಶ ಎದುರು ಇಡೀ ಟೀಮ್‌ಗೇ ಒಂದು ಗೋಲ್ ಸಿಗಲಿಲ್ಲ. ಕರೆದಿದ್ದು ಸರಿ ಅನ್ನೋರಿಗೆ ಮೊದಲ ಮ್ಯಾಚ್ ಸಿಕ್ಕಿತು, ತಪ್ಪು ಅನ್ನೋರಿಗೆ ಎರಡನೆಯದು. ನನ್ನ ಪ್ರಕಾರ ಒಂದು ಮ್ಯಾಚ್ ಹಿಡಿದುಕೊಂಡು ವಾದ ಮಾಡೋದು ಒಂದು ಇಡ್ಲಿ ತಿಂದು ಹೋಟೆಲ್ ಮುಚ್ಚಿಸಿ ಅಂದ ಹಾಗೆ.

ಅಂಕಿ ಹೇಳಿದರೆ ನಿಮಿಷ ಕೇಳಿ

ಇದು ಬೇಗ ಮುಗಿಯುತ್ತದೆ. ಒಬ್ಬ 1,800 ನಿಮಿಷ ಆಡಿ 8 ಗೋಲ್, ಇನ್ನೊಬ್ಬ 540 ನಿಮಿಷ ಆಡಿ 6 ಗೋಲ್ ಅಂದುಕೊಳ್ಳಿ. ಮೊದಲನೆಯವನು 225 ನಿಮಿಷಕ್ಕೊಂದು, ಎರಡನೆಯವನು 90ಕ್ಕೊಂದು. ಪೆನಾಲ್ಟಿ ಗೋಲ್ ಬೇರೆ ಎಣಿಸಿ. ಆದರೆ ಎರಡನೆಯವನು ಇಳಿದಿದ್ದು ಯಾವಾಗಲೂ ಎದುರಾಳಿಗಳು ಸುಸ್ತಾದ ಮೇಲೆ ಅನ್ನೋದೂ ನೆನಪಿರಲಿ. ಗೋಲ್‌ಕೀಪರ್‌ಗಳ ವಿಷಯದಲ್ಲಂತೂ ಅಂಕಿ ಅರ್ಧ ಸುಳ್ಳು. ಒಳ್ಳೆ ಡಿಫೆನ್ಸ್ ಹಿಂದೆ ನಿಂತವನಿಗೆ ಕೆಲಸವೇ ಕಡಿಮೆ.

ಅಂಕಿಗಿಂತ ಒಳ್ಳೆ ದಾರಿ ಒಂದಿದೆ. ಸ್ಟೇಡಿಯಂಗೆ ಹೋದಾಗ ಹತ್ತು ನಿಮಿಷ ಬಾಲ್ ನೋಡಬೇಡಿ, ನೀವು ಬೈಯೋ ಆಟಗಾರನನ್ನು ಮಾತ್ರ ನೋಡಿ. ಟಿವಿಯಲ್ಲಿ ಇದು ಆಗಲ್ಲ, ಕ್ಯಾಮೆರಾ ಬಾಲ್ ಹಿಂದೆಯೇ ಓಡುತ್ತದೆ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ದೂರ ಅಂತ ಎಲ್ಲರೂ ಗೊಣಗುತ್ತಾರೆ, ಆದರೆ ಮೇಲಿನ ಸಾಲಿನಿಂದ ಇಡೀ ಟೀಮ್‌ನ ಆಕಾರ ಕಾಣುತ್ತದೆ. ‘ಸೋಂಬೇರಿ’ ಅಂತ ನಾನು ಒಂದು ಸೀಸನ್ ಪೂರ್ತಿ ಬೈದ ಮಿಡ್‌ಫೀಲ್ಡರ್ ಒಬ್ಬನನ್ನು ಹೀಗೆ ನೋಡಿದೆ. ಅವನು ಓಡದೆ ಇರೋದು ಯಾಕೆ ಅಂದರೆ ಬಾಲ್ ಬರೋ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ಅವತ್ತು ಟೀ ದುಡ್ಡು ನಾನೇ ಕೊಟ್ಟೆ.

ಹಳೇ ಕಾಲದ ಆಟಗಾರರನ್ನು ಎಳೆದು ತರೋರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ನಮ್ಮಲ್ಲಿ ಆಸ್ಟಿನ್ ಟೌನ್ ಅಂಕಲ್ ಒಬ್ಬರಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲ್ ಹೊಡೆದ ನಮ್ಮ ಮೈಸೂರು ರಾಜ್ಯದ ಎಸ್. ರಾಮನ್ ಮುಂದೆ ಇವರೆಲ್ಲ ಯಾವ ಲೆಕ್ಕ ಅಂತಾರೆ. ಆ ಮ್ಯಾಚ್‌ನಲ್ಲಿ ಎರಡು ಪೆನಾಲ್ಟಿ ತಪ್ಪಿ 2–1ಕ್ಕೆ ಸೋತಿದ್ದಕ್ಕೆ ಇವತ್ತಿಗೂ ಅವರಿಗೆ ಸಂಕಟ. ಇಂಥವರ ಜೊತೆ ವಾದಕ್ಕೆ ಇಳಿಯಬೇಡಿ. ಇನ್ನೊಂದು ಟೀ ಹೇಳಿ, ಕೇಳಿಸಿಕೊಳ್ಳಿ.

ಮ್ಯಾಚ್‌ಗೆ ಮುಂಚೆ ಬರೆದಿಡಿ

ಟೀಮ್ ಪಟ್ಟಿ ಸುಮಾರು ಒಂದು ಗಂಟೆ ಮುಂಚೆ ಬರುತ್ತದೆ. ಅದು ಬರೋಕೆ ಮೊದಲೇ ನಿಮ್ಮ ಹನ್ನೊಂದು ಜನ, ಐದು ಬದಲಿ, ಮತ್ತೆ ‘ಇವನನ್ನ ಯಾಕೆ ಬಿಟ್ಟೆ’ ಅಂತ ಒಂದೊಂದು ಸಾಲು ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಎಡಿಟ್ ಮಾಡೋ ಹಾಗಿಲ್ಲ. ಸೋತ ಮೇಲೆ ‘ನಾನು ಆವತ್ತೇ ಹೇಳಿದ್ದೆ’ ಅನ್ನೋರ ಸಂಖ್ಯೆ ಇದರಿಂದ ಎಷ್ಟು ಇಳಿಯುತ್ತದೆ ಅಂತ ನೀವೇ ನೋಡಿ. ಕೋಚ್ ಬೇರೆ ಥರ ಆರಿಸಿದ್ದರೆ ಬೈಯೋ ಮುಂಚೆ ಹಳದಿ ಕಾರ್ಡ್ ಲೆಕ್ಕ, ಗಾಯ, ಮೂರು ದಿನಕ್ಕೆ ಇನ್ನೊಂದು ಮ್ಯಾಚ್ ಇದೆಯಾ ಅನ್ನೋದು, ಇಷ್ಟನ್ನು ನೋಡಿ. ಆಮೇಲೆ ಬೈಯಿರಿ.

ಮ್ಯಾಚ್ ಇಲ್ಲದ ದಿನಕ್ಕೆ ಒಂದು ಅಭ್ಯಾಸ ಇದೆ: ಈಗಿನ ನಾಲ್ಕು ವಿದೇಶಿ ನಿಯಮ ಇಟ್ಟುಕೊಂಡು ಬಿಎಫ್‌ಸಿಯ ಇಲ್ಲಿಯವರೆಗಿನ ಬೆಸ್ಟ್ ಹನ್ನೊಂದು ಬರೆಯೋದು. ನನ್ನದು ಹೀಗಿದೆ. ಗೋಲ್‌ನಲ್ಲಿ ಗುರ್‌ಪ್ರೀತ್. ಹಿಂದೆ ಭೇಕೆ, ಜಿಂಗನ್, ಹುವಾನನ್, ಮತ್ತೆ ರೋಷನ್ ಸಿಂಗ್. ಮಧ್ಯೆ ಪಾರ್ಟಲು, ಡಿಮಾಸ್, ಯೂಜೀನ್ಸನ್ ಲಿಂಗ್ಡೊ. ಮುಂದೆ ಉದಾಂತ, ಮಿಕು, ಛೆಟ್ರಿ. ಬರೆದು ಮುಗಿಸಿ ನೋಡಿದರೆ ಇಂಗ್ಲೆಂಡ್‌ನ ಡಿಫೆಂಡರ್ ಜಾನ್ ಜಾನ್ಸನ್ ಇಲ್ಲ. 2013ರಲ್ಲಿ ಕ್ಲಬ್ ಹುಟ್ಟಿದ ದಿನದಿಂದ ಇದ್ದವನು, ನಮ್ಮ ಜನ ಮನೆ ಮಗನ ಥರ ನೋಡಿದವನು. ನನಗೇ ಬೇಜಾರಾಯಿತು. ಆದರೆ ಹುವಾನನ್, ಪಾರ್ಟಲು, ಡಿಮಾಸ್, ಮಿಕು, ನಾಲ್ಕು ಸೀಟೂ ಭರ್ತಿ.

ಗ್ರೂಪ್‌ಗೆ ಹಾಕಿದ ಎರಡೇ ನಿಮಿಷಕ್ಕೆ ಗೋವಾ ಬಸ್ಸಿನ ಗೆಳೆಯ ಬರೆದ: ‘ಜಾನ್ಸನ್ ಇಲ್ಲದೆ ಇದೊಂದು ಟೀಮಾ?’

‘ಯಾರನ್ನ ತೆಗೀತೀಯ?’

ರಾತ್ರಿ ಹನ್ನೊಂದೂವರೆಗೆ ಉತ್ತರ ಬಂತು. ‘ಪಾರ್ಟಲುನ ತೆಗಿ.’

‘ಸರಿ. ಕಾರ್ನರ್‌ಗೆ ತಲೆ ಕೊಡೋರು?’

ಟೈಪಿಂಗ್ ಅಂತ ಬಂತು, ನಿಂತಿತು, ಮತ್ತೆ ಬಂತು. ನಾನು ಮಲಗಿದೆ.