ಮಸುಕುಗೊಳಿಸಿದ ಹಿನ್ನೆಲೆಯಲ್ಲಿ ನಾಯ್ಸ್ ಉಳಿಯದಂತೆ ಮಾಡುವುದು ಹೇಗೆ?

ಕುಂಬಳೆಯ ಕಡೆಯ ಯಕ್ಷಗಾನ ಬಯಲಾಟವೊಂದರಲ್ಲಿ ಐಎಸ್‌ಒ 6400ರಲ್ಲಿ (ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಬಹಳ ಏರಿಸಿ) ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ, ಕಿರೀಟದ ಹಿಂದಿನ ಕತ್ತಲೆಯಲ್ಲಿ ಕೆಂಪು, ಹಸಿರು ಚುಕ್ಕೆಗಳು ರಾಗಿ ಚೆಲ್ಲಿದಂತೆ ಕಾಣುತ್ತವೆ. ಹಿನ್ನೆಲೆಯನ್ನು ಮಸುಕುಗೊಳಿಸುವ ಮೊದಲೇ ಈ ನಾಯ್ಸನ್ನು ತೆಗೆಯಬೇಕು; ಇಲ್ಲವಾದರೆ ಕಡಿಮೆ ತ್ರಿಜ್ಯದ ಬ್ಲರ್ (ಮಸುಕುಗೊಳಿಸುವಿಕೆ) ಚುಕ್ಕೆಗಳನ್ನು ಅಳಿಸದೆ, ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹರಡಿ, ಬಣ್ಣದ ಕಲೆಗಳನ್ನಾಗಿ ಮಾಡುತ್ತದೆ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಕಡತ) ಬಣ್ಣದ ನಾಯ್ಸನ್ನು ಧಾರಾಳವಾಗಿಯೂ ಬೆಳಕಿನ ನಾಯ್ಸನ್ನು (ಹೊಳಪಿನ ಏರುಪೇರಿನ ಕಾಳು) ಮಿತವಾಗಿಯೂ ತಗ್ಗಿಸಿರಿ, ಏಕೆಂದರೆ ಎರಡನೆಯದನ್ನು ಅತಿಯಾಗಿ ಒರೆಸಿದರೆ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರದ ವೇಷ) ಕಲಾವಿದರು ಗಂಟೆಗಟ್ಟಲೆ ಕುಳಿತು ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಟ್ಟ ಚಿಟ್ಟಿಯ ಸೂಕ್ಷ್ಮ ಬಿಂದುಗಳೂ ಕರಗಿಹೋಗುತ್ತವೆ, ಅದು ದೊಡ್ಡ ನಷ್ಟ.

ಅನಂತರ ಕಡತವನ್ನು 16 ಬಿಟ್‌ನಲ್ಲಿ ತೆರೆದು, ವೇಷವನ್ನು ಮಾಸ್ಕ್‌ನಿಂದ (ಚಿತ್ರದ ಒಂದು ಭಾಗವನ್ನು ಮರೆಮಾಡಿ ಕಾಪಾಡುವ ಸಾಧನ) ಬೇರ್ಪಡಿಸಿ, ಹಿನ್ನೆಲೆಗೆ ಮಾತ್ರ ಗಾಸಿಯನ್ ಬ್ಲರ್ (ಎಲ್ಲ ಕಡೆಗೂ ನಯವಾಗಿ ಮಸುಕುಗೊಳಿಸುವ ಫಿಲ್ಟರ್) ಹಾಕಿರಿ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ ನುಣುಪಾದ ಕತ್ತಲೆಯಲ್ಲಿ ಪಟ್ಟೆಗಳು ಮೂಡುತ್ತವೆ.

ಇಷ್ಟಾದ ಮೇಲೆ ಹಿನ್ನೆಲೆ ಮೇಣದಂತೆ ನುಣುಪಾಗಿ, ವೇಷ ಮಾತ್ರ ಕಾಳುಕಾಳಾಗಿ ಉಳಿದರೆ ಚಿತ್ರ ಕತ್ತರಿಸಿ ಅಂಟಿಸಿದಂತೆ ತೋರುತ್ತದೆ. ಆಗ ಪೂರ್ಣ ಗಾತ್ರದಲ್ಲಿ ನೋಡುತ್ತ, ಹಿನ್ನೆಲೆಗೆ ಶೇಕಡಾ ಒಂದೆರಡರಷ್ಟು ಏಕವರ್ಣದ ನಾಯ್ಸನ್ನು ಮರಳಿ ಸೇರಿಸುವುದೇ ಸರಿಯಾದ ದಾರಿ.