ಚೆಸ್ ಎಂಜಿನ್‌ನಲ್ಲಿ ತಪ್ಪಿಸಲಾಗದ ಚೆಕ್‌ಮೇಟ್ ಹುಡುಕುವ ಬಗೆ
ದಾಳಿಕೋರನ ಸರದಿಯಲ್ಲಿ ಒಂದು ನಡೆ ಗೆದ್ದರೆ ಸಾಕು, ರಕ್ಷಕನ ಸರದಿಯಲ್ಲಾದರೋ ಅವನ ಪ್ರತಿಯೊಂದು ಉತ್ತರವೂ ಸೋಲಬೇಕು ಎಂಬ ವ್ಯತ್ಯಾಸವನ್ನು ಮೊದಲು ಎಂಜಿನ್‌ನ, ಅಂದರೆ ಚೆಸ್ ಆಡುವ ಪ್ರೋಗ್ರಾಮಿನ, ಕೋಡಿನಲ್ಲಿ ತನ್ನಿರಿ. ಹುಡುಕಾಟದ ಆಳವನ್ನು 1, 3, 5 ಅರೆನಡೆಗಳಂತೆ (ಒಬ್ಬ ಆಟಗಾರನ ಒಂದು ನಡೆಯೇ ಒಂದು ಅರೆನಡೆ) ಹೆಚ್ಚಿಸುತ್ತ ಹೋದರೆ ಅತಿ ಚಿಕ್ಕ ಮೇಟ್ ಮೊದಲು ಸಿಗುತ್ತದೆ.

ಚೆಕ್ ಕೊಡುವ ನಡೆಗಳನ್ನು ಮೊದಲು ಪರೀಕ್ಷಿಸಿರಿ, ಏಕೆಂದರೆ ಅವುಗಳಿಗೆ ಉತ್ತರಗಳು ಕಡಿಮೆ. ಕಪ್ಪು ರಾಜ ಜಿ8ರಲ್ಲಿ, ಕಾಲಾಳುಗಳು ಎಫ್7, ಜಿ7, ಎಚ್7ರಲ್ಲಿ, ಆನೆ ಎ8ರಲ್ಲಿ, ಬಿಳಿಯ ರಾಣಿ ಇ2ರಲ್ಲಿ, ಆನೆ ಇ1ರಲ್ಲಿ ಇವೆಯೆನ್ನೋಣ. ರಾಣಿ ಇ8ಕ್ಕೆ ಹೋದರೆ ಕಪ್ಪಿಗೆ ಅದನ್ನು ಆನೆಯಿಂದ ಹೊಡೆಯುವುದೊಂದೇ ದಾರಿ. ಬಿಳಿ ಆನೆ ಅಲ್ಲಿಯೇ ತಿರುಗಿ ಹೊಡೆದು ಮೇಟ್ ಮಾಡುತ್ತದೆ. ಕಾಯಿಗಳ ಬೆಲೆಯನ್ನಷ್ಟೇ ಎಣಿಸುವವರಿಗೆ ಇದು ಹುಚ್ಚಾಟವೆನಿಸೀತು.

ಚೆಕ್ಕಿಲ್ಲದ ಮೌನ ನಡೆಯಿಂದ ಆರಂಭವಾಗುವ ಮೇಟ್‌ಗಳೂ ಇರುವುದರಿಂದ ಉಳಿದ ನಡೆಗಳನ್ನು ಕೈಬಿಡಬಾರದು. ರಕ್ಷಕನಿಗೆ ನಡೆಯೇ ಇಲ್ಲದಾಗ ರಾಜ ಚೆಕ್‌ನಲ್ಲಿದ್ದಾನೆಯೇ ಎಂದು ನೋಡಿರಿ. ಇಲ್ಲದಿದ್ದರೆ ಅದು ಡ್ರಾ.