ಗೇಟು ನಾಲ್ಕು, ಮಾಲೀಕರು ಇಬ್ಬರು: ನಾನು ಕೆಲಸ ಬದಲಿಸಿದ ಬಗೆ

ಸಿಮೆಂಟ್ ಕಾರ್ಖಾನೆಯ ಕೆಲಸ ಬದಲಿಸಿದ್ದಕ್ಕೆ ಸೇಡಂನ ಚಹಾದಂಗಡಿಯಲ್ಲಿ ನನ್ನನ್ನು ಹುಚ್ಚ ಎಂದವರೇ ಈಗ ಫೋನ್ ಮಾಡಿ, "ಅಣ್ಣಾ, ಅಲ್ಲಿ ಜಾಗ ಇದೆಯೇ?" ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಸಿಆರ್‌ನಲ್ಲಿ, ಅಂದರೆ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಕೂತು, ಕಿಲ್ನ್ ಎಂಬ ಸಿಮೆಂಟಿನ ದೊಡ್ಡ ಕುಲುಮೆ ನಡೆಸುತ್ತ ಹದಿನೈದು ವರ್ಷವಾಯಿತು. ಕಲಬುರಗಿ ಜಿಲ್ಲೆಯ ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಒಂದೇ ರೈಲು ಮಾರ್ಗದ ಸಿಮೆಂಟ್ ಊರುಗಳು. ಮನೆ ಬದಲಿಸದೆ ಕಂಪನಿ ಬದಲಿಸಬಹುದಿತ್ತು. ಆದರೂ ನನ್ನ ಮೊದಲ ಜಿಗಿತ ನೆಲಕಚ್ಚಿತು. ಮಳೆಗಾಲದಲ್ಲಿ ಸಿಮೆಂಟಿಗೆ ಗಿರಾಕಿ ಕಡಿಮೆ, ಕಿಲ್ನ್ ನಿಲ್ಲಿಸಿ ಅದರ ಒಳಗೋಡೆಯ ಶಾಖ ತಡೆಯುವ ಇಟ್ಟಿಗೆ ಬದಲಿಸುವ ಕಾಲ. ಅಂಥ ಜುಲೈಯಲ್ಲಿ ರಾಜೀನಾಮೆ ಕೊಟ್ಟೆ. ನೋಟಿಸ್ ಅವಧಿ ಮುಗಿಸದೆ ಬಿಟ್ಟಿದ್ದಕ್ಕೆ ಸುಮಾರು 80 ಸಾವಿರ ಕಟ್ಟಿದೆ. ಹೊಸ ಕಂಪನಿಯವರು "ಶಟ್‌ಡೌನ್ ಮುಗಿಯಲಿ" ಎಂದು ಎರಡು ತಿಂಗಳು ಮನೆಯಲ್ಲೇ ಕೂರಿಸಿದರು. ಹೆಂಡತಿಯ ಬಳೆ ಗಿರವಿಗೆ ಹೋದವು.

ನಡುವೆ ಕಡೇಚೂರಿನ ಔಷಧ ಕಾರ್ಖಾನೆಯೊಂದಕ್ಕೂ ಹೋಗಿ ಬಂದೆ. 1450 ಡಿಗ್ರಿಯ ಉರಿ ನೋಡಿ ಫ್ರೀ ಲೈಮ್, ಅಂದರೆ ಬೇಯದೆ ಉಳಿದ ಸುಣ್ಣ, ಅಂದಾಜಿಸುವ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ. ಹೊಸಬರ ಸಂಬಳ ಹೇಳಿದರು. ಚಹಾ ಮಾತ್ರ ಚೆನ್ನಾಗಿತ್ತು.

2022ರಲ್ಲಿ ವಾಡಿಯ ಎಸಿಸಿ ಅದಾನಿ ಗುಂಪಿಗೆ ಸೇರಿತು. 2024ರಲ್ಲಿ ಚಿತ್ತಾಪುರದ ಓರಿಯಂಟ್ ಕೂಡ ಅತ್ತಲೇ ಎಂದು ಸುದ್ದಿ ಬಂತು. ಮಳಖೇಡ ಮೊದಲೇ ಅಲ್ಟ್ರಾಟೆಕ್‌ನದು. ಸೇಡಂನ ವಾಸವದತ್ತಾ ಸಿಮೆಂಟ್ ಕೂಡ ಅಲ್ಟ್ರಾಟೆಕ್ ಕೈಗೇ ಹೊರಟಿತ್ತು. "ದೊಡ್ಡ ಕಂಪನಿ, ಗ್ರೇಡ್ ಏರುತ್ತದೆ, ಕಾಯೋಣ" ಎಂದರು ಗೆಳೆಯರು. ಪಕ್ಕದ ಗೇಟಿಗೆ ಹೋಗುತ್ತೇವೆಂದು ಹೆದರಿಸಿಯೇ ಸಂಬಳ ಏರಿಸಿಕೊಂಡವರು ನಾವು. ಪಕ್ಕದ ಗೇಟೂ ಅವರದೇ ಆದರೆ ಹೆದರಿಸುವುದು ಯಾರನ್ನು? ತೊಗರಿ ಎಲ್ಲರದೂ ಒಂದೇ ವಾರ ಗಂಜ್ ಮಾರುಕಟ್ಟೆಗೆ ಬಂದರೆ ದರ ಏನಾಗುತ್ತದೆಂದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಕೈಬದಲಿನ ಕಾಗದಪತ್ರ ಮುಗಿಯುವ ಮೊದಲೇ, ಕಿಲ್ನ್‌ಗಳು ಪೂರ್ತಿ ಓಡುವ ಜನವರಿಯಲ್ಲಿ, ಈ ಇಬ್ಬರ ಹೊರಗಿನ ಮೂರನೆಯ ಮಾಲೀಕನ ಬಾಗಿಲು ತಟ್ಟಿದೆ. ಅವರಿಗೆ ಆಳು ಬೇಕೆಂದು ತಿಳಿದದ್ದು ಇಟ್ಟಿಗೆ ಲಾರಿಗಳಿಂದ. ಉಳಿದದ್ದು ನನ್ನ ಬಳಿಯೇ ಇರಲಿ. ಸಂದರ್ಶನದಲ್ಲಿ ಸರ್ಟಿಫಿಕೇಟ್ ನೋಡಲೇ ಇಲ್ಲ. ಕಿಲ್ನ್ ತಿರುಗಿಸುವ ಮೋಟಾರು ಎಳೆಯುವ ವಿದ್ಯುತ್ತಿನ ಏರಿಳಿತ ತೋರಿಸುವ ಒಂದು ಟ್ರೆಂಡ್ ಹಾಳೆ ಮುಂದಿಟ್ಟು, "ಆಂಪ್ಸ್ ಇಳಿಯುತ್ತಿದೆ, ಏನು ಮಾಡುತ್ತೀರಿ?" ಎಂದರು. ಕಿಲ್ನ್ ತಣಿಯುತ್ತಿದೆ ಎಂಬ ಸೂಚನೆ ಅದು.

"ಮೊದಲು ಒಳಗೆ ಹೋಗುವ ಸುಣ್ಣಕಲ್ಲಿನ ಪುಡಿಯ ಫೀಡ್ ಇಳಿಸುತ್ತೇನೆ. ಕಲ್ಲಿದ್ದಲು ಸುರಿಯುವುದಿಲ್ಲ."

ಹಿರಿಯರು ಹಾಳೆ ಮಡಚಿಟ್ಟು ಚಹಾ ತರಿಸಿದರು.

ಸಂಬಳ ಮೂರನೇ ಒಂದು ಪಾಲಿನಷ್ಟು ಏರಿತು. ಬೈಕಿನ ಪೆಟ್ರೋಲು ತಿಂಗಳಿಗೆ ನಾಲ್ಕು ಸಾವಿರ ತಿನ್ನುತ್ತದೆ. ನನ್ನ ನಿಜವಾದ ಗೆಲುವು ಬೇರೆ: ನೋಟಿಸ್ ಅವಧಿಯನ್ನು ಮೂರು ತಿಂಗಳಿಂದ ಒಂದಕ್ಕೆ ಇಳಿಸಿ ಬರೆಸಿಕೊಂಡೆ. ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ, ಇನ್ನೊಮ್ಮೆ ಬೇಕಾಗಬಹುದು.